ತಾಕ್ ಮೇಷ್ಟ್ರು ಬರೆಯದ ಕಾಗದ

ಗಣಿಯಿಂದ ಮೇಲೆ ಬಂದವರೆಲ್ಲ ಮಸಿ ಮೆತ್ತಿದ ಕೈಯಲ್ಲೇ ಬಟ್ಟಲಿಗೆ ಮುಗಿಬೀಳುತ್ತಿದ್ದರೆ, ತಾಕ್ ಇಂಗ್ಯು ಮೇಷ್ಟ್ರು ಮಾತ್ರ ತೊಟ್ಟಿಯ ಬಳಿ ಕೂತು ಉಗುರಿನ ಸಂದುಸಂದನ್ನೂ ತಿಕ್ಕಿ ತೊಳೆದು, ಊರಿನಿಂದ ತಂದ, ಒಂದು ಕಾಲಕ್ಕೆ ಶುಭ್ರವಾಗಿದ್ದು ಈಗ ಬೂದಿಬಣ್ಣಕ್ಕೆ ತಿರುಗಿದ್ದ ನಿಲುವಂಗಿಯನ್ನು ತೊಟ್ಟು, ಆಮೇಲಷ್ಟೇ ಕುಂಚವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಇನ್ನೊಬ್ಬರ ಕಾಗದ ಬರೆದುಕೊಡುವುದಕ್ಕೆ ಇಷ್ಟೆಲ್ಲ ವಿಧಿವಿಧಾನ. "ಮದುಮಗ ಬಂದ, ದಾರಿ ಬಿಡ್ರೋ" ಎಂದು ಯಾರಾದರೂ ಕೆಣಕುವರು. ಅಷ್ಟರಲ್ಲಿ ಅವರ ಪಾಲಿನ ಗಂಜಿ ಆರಿರುತ್ತಿತ್ತು, ಒಮ್ಮೊಮ್ಮೆ ಮತ್ತೊಬ್ಬರ ಹೊಟ್ಟೆ ಸೇರಿರುತ್ತಿತ್ತು.

ಜಪಾನಿನ ಕ್ಯೂಶು ದ್ವೀಪದ ಆ ಬಿಡಾರದಲ್ಲಿ ನಾವು ನಲವತ್ತು ಮಂದಿ ಕೊರಿಯದವರು; ಯುದ್ಧಕಾಲದಲ್ಲಿ ಎರಡು ವರ್ಷದ ಕರಾರು ಎಂದು ಹೇಳಿ ಜಪಾನಿನವರು ನಮ್ಮನ್ನು ಗದ್ದೆಯಿಂದ ಎಬ್ಬಿಸಿ ತಂದಿದ್ದರು. ಓಲೆ ಬರೆಯಬಲ್ಲವರು ಮೇಷ್ಟ್ರೊಬ್ಬರೇ. ಗದ್ದೆಯ ಬದುವಿನ ಮೇಲೆ ಪುಸ್ತಕದ ಗಂಟು ಹೊತ್ತು ಹೋಗುವವನ ಹಾಗೆ ಅಳೆದಿಟ್ಟ ಹೆಜ್ಜೆ, ಎತ್ತಿದ ಗದ್ದ. ಸುರಂಗದಲ್ಲೂ ಗದ್ದ ಇಳಿಸದೆ ದಿನಕ್ಕೊಮ್ಮೆ ತೊಲೆಗೆ ಹಣೆ ಬಡಿಸಿಕೊಳ್ಳುವರು. ಯಾವುದಕ್ಕೂ "ಕ್ರಮ ಅಂತ ಒಂದಿದೆಯಪ್ಪ" ಎಂಬ ರಾಗ. ನಾನು ಮನೆಯಿಂದ ಖಾರದ ಪುಡಿ ತರಿಸಬೇಕೆಂದು ಹೋದರೆ, ಅವರು ಋತುವರ್ಣನೆ ಮುಗಿಸಿ, ತಂದೆಯ ನಿದ್ರೆ, ಚಿಕ್ಕಪ್ಪಂದಿರ ಕ್ಷೇಮ ವಿಚಾರಿಸುವಷ್ಟರಲ್ಲಿ ಕಾರ್ಡು ತುಂಬಿಹೋಯಿತು.

"ಮೇಷ್ಟ್ರೇ, ಖಾರದ ಪುಡಿ?"

"ಅಪ್ಪನ ಆರೋಗ್ಯ ಕೇಳೋ ಮೊದಲೇ ಖಾರದ ಪುಡಿ ಕೇಳ್ತಾರೇನಯ್ಯ? ಅದು ಮುಂದಿನ ಕಾರ್ಡಿಗೆ."

ಮುಂದಿನ ಕಾರ್ಡು ಸಿಗುವುದು ಎರಡು ತಿಂಗಳಿಗೆ.

ಕರಾರು ಮುಗಿದ ವಾರ, ಯಾರನ್ನೂ ಬಿಡುವುದಿಲ್ಲವೆಂದು ತಿಳಿಯಿತು. 'ನಾನು ಸ್ವಂತ ಇಚ್ಛೆಯಿಂದ ಇಲ್ಲೇ ಉಳಿದಿದ್ದೇನೆ' ಎಂದು ನಲವತ್ತು ಮನೆಗಳಿಗೂ ಮೇಷ್ಟ್ರೇ ಬರೆಯಬೇಕೆಂದು ಬಿಡಾರದ ಮೇಲ್ವಿಚಾರಕನ ಅಪ್ಪಣೆಯಾಯಿತು. ಮೇಷ್ಟ್ರು ತಲೆಬಾಗಿ, "ಹೇಳಿದವನ ಮಾತು ಬರೀತೀನಿ. ಇದನ್ನ ಇವರ್ಯಾರೂ ಹೇಳಿಲ್ಲವಲ್ಲ" ಎಂದರು. ಅವರಿಗೆ ಏಟು ಬಿತ್ತು. ನಮ್ಮೆಲ್ಲರ ಊಟ ಅರ್ಧವಾಯಿತು. ಮೂರನೆಯ ದಿನ ಹಸಿವು ತಡೆಯದೆ ನಾನು ಅವರೆದುರು ಕೂತೆ.

"ಬರೆದು ಬಿಸಾಕಿ ಮೇಷ್ಟ್ರೇ. ಬರೆದ್ರೂ ಇಲ್ಲೇ ಸಾಯ್ತೀವಿ, ಬರೀದಿದ್ರೂ ಇಲ್ಲೇ."

"ಸರಿ. ಇಲ್ಲಿರೋಕೆ ಇಷ್ಟ ಅಂತ ನಿನ್ನ ಬಾಯಲ್ಲಿ ಹೇಳು. ಈಗಲೇ ಬರೀತೀನಿ."

ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಸಿಟ್ಟು ನೆತ್ತಿಗೇರಿ ಎದ್ದುಹೋದೆ.

ಮರುದಿನ ಮೇಲ್ವಿಚಾರಕನ ಆಳುಗಳು ಗುದ್ದಲಿಯ ಕಾವಿನಿಂದ ಅವರ ಬಲಗೈಯ ಎರಡು ಬೆರಳು ಮುರಿದರು. ಕಾಗದಗಳನ್ನು ಕಚೇರಿಯ ಕೊರಿಯದ ಗುಮಾಸ್ತನೊಬ್ಬ ಒಂದೇ ಮಧ್ಯಾಹ್ನದಲ್ಲಿ ಗೀಚಿ ಮುಗಿಸಿದ. ನಲವತ್ತೂ ಊರು ತಲುಪಿದವು. ಇಷ್ಟಕ್ಕಾಗಿ ನಾವು ನಾಲ್ಕು ದಿನ ಅರೆಹೊಟ್ಟೆಯಲ್ಲಿ ಸುರಂಗ ಅಗೆದಿದ್ದೆವು.

ಯುದ್ಧ ಮುಗಿದು ಮನೆ ಸೇರಿದಾಗ ಹೆಂಡತಿ ಆ ಕಾಗದವನ್ನು ತಂದು ನನ್ನ ಮುಂದಿಟ್ಟಳು. "ನಿಮಗೆ ಅಲ್ಲೇ ಹಿತವಾಗಿತ್ತಂತಲ್ಲ. ಮಾವ ಸಾಯೋವರೆಗೂ ಇದನ್ನೇ ಓದಿಸಿ ಕೇಳ್ತಿದ್ರು."

"ನಾನು ಹೇಳಿದ್ದಲ್ಲ ಅದು," ಎಂದೆ. "ನಮ್ಮ ಕಾಗದ ಬರೀತಿದ್ದ ಮೇಷ್ಟ್ರು, ಇದನ್ನ ಬರೆಯಲ್ಲ ಅಂತ ಬೆರಳು ಮುರಿಸಿಕೊಂಡರು."

ಅವಳು ಕಾಗದವನ್ನು ಮಡಿಚಿಟ್ಟಳು. ನಂಬಿದಳೆಂದು ಮುಖ ನೋಡಿದಾಗ ತಿಳಿಯಿತು. "ಬಲಗೈನಾ? ಊಟಕ್ಕೆ ಏನು ಮಾಡ್ತಿದ್ರು?"

ನನಗೆ ಗೊತ್ತಿರಲಿಲ್ಲ. ಬೆರಳು ಮುರಿದ ದಿನದಿಂದ ಅವರೆದುರು ಕೂತು ಉಣ್ಣುವುದನ್ನೇ ನಾನು ಬಿಟ್ಟಿದ್ದೆ.

ಇಂಥವರ ನೆರೆಯಲ್ಲಿ ಬಾಳುವುದು ದುಸ್ತರ. ಅವರ ನಿಷ್ಠೆಗೆ ಪಕ್ಕದವರ ಹೊಟ್ಟೆಯೂ ದಂಡ ತೆರಬೇಕು, ಅದರ ಪರಿವೆಯೂ ಅವರಿಗಿರುವುದಿಲ್ಲ. ಆದರೂ, ಸರ್ವಸ್ವವನ್ನೂ ಕಿತ್ತುಕೊಂಡವರು ಕಡೆಗೆ ನಮ್ಮ ಸಮ್ಮತಿಯನ್ನೂ ಕೇಳಲು ಬಂದಾಗ, ಕೊಡಲಾಗದೆಂದು ನಮ್ಮ ಪರವಾಗಿ ನಿಲ್ಲುವವರು ಈ ಹಠಮಾರಿಗಳೇ. ಅದನ್ನು ಬಲ್ಲೆ. ಬಲ್ಲೆನೆಂದ ಮಾತ್ರಕ್ಕೆ ಅವರ ಮೇಲಿನ ಸಿಟ್ಟು ಪೂರ್ತಿ ಇಳಿಯುತ್ತದೆಂದೇನೂ ಇಲ್ಲ.