ಬೇಡ ಅನ್ನುವ ಕೊನೇ ಡಬ್ಬಿ

"ಬಿಡಬೇಡ!" ಅಂತ ಗೇಟಣ್ಣ ಕೆಳಗಿನಿಂದ ಕೂಗಿದ. ಮೇಲಿದ್ದವನು ಬಿಟ್ಟ.

ಬಿಟ್ಟವನು ಮರಳಿನ ಮೇಲೆ ದೊಪ್ಪನೆ ಕೂತ. ಎತ್ತರವೇನೂ ಇರಲಿಲ್ಲ. ಮಕ್ಕಳು ಹತ್ತಿ ಆಡುವ ಹಗ್ಗದ ಬಲೆ ಅದು, ಅದರ ಕೆಳಗಿನ ಸಾಲಿನಲ್ಲೇ ಅವನು ಜೋತುಬಿದ್ದಿದ್ದ. ತರಬೇತಿಯ ಆಟಕ್ಕೆಂದು ಕಣ್ಣಿಗೆ ಕಟ್ಟಿದ್ದ ಕರವಸ್ತ್ರ ಜಾರಿ ಮೂಗಿನ ಮೇಲೆ ಬಂದು ನಿಂತಿತ್ತು. ಕೊರಳಿನ ಸೀಟಿ ಬೆನ್ನಿಗೆ ತಿರುಗಿತ್ತು. ಸುತ್ತ ನಿಂತಿದ್ದ ಉದ್ಯಾನ ಇಲಾಖೆಯ ನೌಕರರು, ಮಾಲಿಗಳು, ಕಾವಲಿನವರು, ಈಜುಕೊಳ ತೊಳೆಯುವವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಡು ಅಂದ್ಯಲ್ಲೋ ಪಾಪಿ!" ಅಂದ ಬಿದ್ದವನು.

"ನಾನೆಲ್ಲಿ ಬಿಡು ಅಂದೆ? ಬಿಡಬೇಡ ಅಂದೆ. ಕಿವಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ?" ಅಂದ ಗೇಟಣ್ಣ. ಉದ್ಯಾನದ ದೊಡ್ಡ ಬಾಗಿಲು ಕಾಯುವ ದಢೂತಿ ಆಳು ಅವನು, ಬೀಗದ ಮಾತು ಬಿಟ್ಟರೆ ಬೇರೆ ಮಾತು ಅವನಿಗೆ ಬಾರದು.

ಬಿದ್ದವನು ಆಟದಂಗಳದ ಕಾವಲಿನವನು. ಮಕ್ಕಳ ಬಾಯಲ್ಲಿ ಸೀಟಿ ತಾತ. ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಿಗೂ ಹತ್ತಿ, ಕೊನೆಗೆ ಹಾಜರಿ ಕೂಗುವವರೂ ಹಾಗೇ ಕೂಗುತ್ತಿದ್ದರು. ಜಾರುಬಂಡೆಯ ಮೇಲೆ ಯಾರಾದರೂ ತಲೆಕೆಳಗಾಗಿ ಬಂದರೆ ಒಂದು ಸೀಟಿ, ಉಯ್ಯಾಲೆಯ ಮುಂದೆ ಯಾರಾದರೂ ಓಡಿದರೆ ಒಂದು ಸೀಟಿ, ಸೀಟಿಯ ಹಿಂದೆಯೇ ಒಂದು "ಬೇಡ". ಓಡಬೇಡ, ತಳ್ಳಬೇಡ, ಮರಳು ಎರಚಬೇಡ. ಅವನ ಕೆಲಸವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ತರಬೇತಿ ಕೊಡಲು ಬಂದಿದ್ದ ಮೇಡಂ ಮಾತ್ರ ನಗಲಿಲ್ಲ. ಅವನ ಪಕ್ಕ ಮರಳಿನಲ್ಲೇ ಕೂತು, ಪೆಟ್ಟಾಯಿತೇ ಅಂತ ಮೊದಲು ಕೇಳಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಇಬ್ಬರ ಮಾತೂ ಸರಿ. ಗೇಟಣ್ಣ ಹೇಳಿದ್ದು ಪೂರ್ತಿ ಮಾತು. ಯಜಮಾನ್ರ ಕಿವಿಗೆ ಮೊದಲು ಬಂದಿದ್ದು ಅರ್ಧ ಮಾತು. ನಮ್ಮ ಮಾತಲ್ಲಿ ಈ ಬೇಡ ಅನ್ನೋದು ರೈಲಿನ ಕೊನೇ ಡಬ್ಬಿ ಇದ್ದ ಹಾಗೆ. ಮುಂದೆ ಬಿಡು ಬರುತ್ತೆ, ಬೀಳು ಬರುತ್ತೆ, ಓಡು ಬರುತ್ತೆ. ಬೇಡ ಬರೋದು ಕಟ್ಟಕಡೆಗೆ. ಹೆದರಿರೋ ಮಗು ಅಲ್ಲೀತನಕ ಕಾಯಲ್ಲ. ಮೊದಲನೇ ಡಬ್ಬಿಗೇ ಹತ್ತಿಬಿಡುತ್ತೆ."

ಸೀಟಿ ತಾತ ಮರಳು ಕೊಡವಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿದ. ಇಷ್ಟು ಕಾಲ ಕೂಗಿದ್ದನ್ನೆಲ್ಲ ಒಳಗೇ ಒಮ್ಮೆ ಕೂಗಿಕೊಂಡು ನೋಡಿದ. ಹೌದಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

"ಹಾಗಾದ್ರೆ ಏನನ್ಬೇಕು ಮೇಡಂ?"

"ಏನು ಮಾಡಬಾರದು ಅಂತ ಅಲ್ಲ, ಏನು ಮಾಡಬೇಕು ಅಂತ ಹೇಳಿ. ಬಿಡಬೇಡ ಅನ್ನೋ ಬದಲು ಗಟ್ಟಿಯಾಗಿ ಹಿಡ್ಕೋ. ಓಡಬೇಡ ಅನ್ನೋ ಬದಲು ನಡಿ."

"ಹುಲ್ಲು ತುಳೀಬೇಡಿ ಅನ್ನೋದಕ್ಕೆ?" ಅಂತ ಒಬ್ಬ ಮಾಲಿ ಕೇಳಿದ.

"ದಾರಿ ಮೇಲೆ ನಡೀರಿ."

"ಉಗುಳಬೇಡಿ ಅನ್ನೋದಕ್ಕೆ?" ಅಂದ ಗೇಟಣ್ಣ. "ನುಂಗಿ ಅಂತ ಬರೆಸೋಣ್ವಾ?"

ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಮೇಡಂ. ಅಷ್ಟು ನಕ್ಕು, ಕಣ್ಣು ಒರೆಸಿಕೊಂಡು, "ಅದೊಂದನ್ನ ನಂಗೆ ಬಿಡಿ, ನಾಳೆ ಯೋಚನೆ ಮಾಡ್ಕೊಂಡು ಬರ್ತೀನಿ" ಅಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ತರಬೇತಿದಾರರನ್ನು ಸೀಟಿ ತಾತ ಅದುವರೆಗೆ ಕಂಡಿರಲಿಲ್ಲ. ಹಿಂದೆ ಬಂದವರೆಲ್ಲ ದೀಪ ಆರಿಸಿ, ಗೋಡೆಯ ಮೇಲೆ ಚಿತ್ರ ತೋರಿಸಿ, ಅರ್ಧ ಮಂದಿಯನ್ನು ನಿದ್ದೆ ಮಾಡಿಸಿ ಹೋದವರು.

ಸಂಜೆ ಮನೆಗೆ ಹೊರಡುವಾಗ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ ಒಂದು ಮಾತು ಹೇಳಿದ. ಮೂರನೇ ದಿನ ಪರೀಕ್ಷೆ. ಆಟದಂಗಳದಲ್ಲಿ, ಆಡುವ ಮಕ್ಕಳ ನಡುವೆಯೇ ಒಬ್ಬೊಬ್ಬರೂ ಕಾವಲು ನಿಲ್ಲಬೇಕು, ಮೇಡಂ ದೂರದಿಂದ ನೋಡುತ್ತಾಳೆ. ಈ ಹೊಸ ರೀತಿ ಕಲಿತವರಿಗೆ ಮಾತ್ರ ಇನ್ನು ಮಕ್ಕಳ ಕಡೆ ಕೆಲಸ. ಕಲಿಯದವರು ಹಿಂದಿನ ಬಾಗಿಲ ಹತ್ತಿರ ವಾಹನ ನಿಲ್ಲಿಸುವ ಜಾಗಕ್ಕೆ.

ಹಿಂದಿನ ಬಾಗಿಲನ್ನು ಸೀಟಿ ತಾತ ಬಲ್ಲ. ತಗಡಿನ ಗೂಡು, ಬಿಸಿಲು, ಹೊಗೆ. ಅಲ್ಲಿ ಯಾವ ಮಗುವೂ ಬಂದು ಶೂ ಲೇಸು ಕಟ್ಟಿಕೊಡು ಅನ್ನುವುದಿಲ್ಲ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇತ್ತು. ಆ ಸ್ವಲ್ಪವನ್ನು ಮಕ್ಕಳ ಗದ್ದಲದ ನಡುವೆ ಕಳೆಯಬೇಕು ಅನ್ನುವುದೊಂದೇ ಅವನ ಆಸೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದ. "ನಾಳಿದ್ದಿನವರೆಗೂ ನನ್ನ ಬಾಯಲ್ಲಿ ಬೇಡ ಅನ್ನೋ ಮಾತು ಬರಬಾರದು. ಬಂದ್ರೆ ನೀನು ಹಿಡಿ."

"ನಿಮ್ಮ ಬಾಯಲ್ಲಾ?" ಅಂದಳು ಹೆಂಡತಿ. "ಮದುವೆಗೆ ಹೆಣ್ಣು ನೋಡೋಕೆ ಬಂದಾಗ್ಲೂ ಮೊದಲನೇ ಮಾತು, ಕಾಫಿ ಬೇಡ ಅಂತಲೇ ಅಂದಿದ್ದು. ಆಗ್ಲಿ ನೋಡೋಣ. ಇನ್ನೊಂದು ಚೂರು ಅನ್ನ ಹಾಕ್ಲಾ?"

ಅವನು ಬಾಯಿ ತೆರೆದ. ಬಂದ ಮಾತನ್ನು ಹಲ್ಲಿನ ಹಿಂದೆಯೇ ತಡೆದ. ಅದರ ಬದಲಿಗೆ ಏನನ್ನಬೇಕು ಅಂತ ಹುಡುಕುವಷ್ಟರಲ್ಲಿ ಒಂದು ಸೌಟು ತಟ್ಟೆಗೆ ಬಿತ್ತು.

"ಇನ್ನೊಂದು?"

"ಅದು... ನಂಗೆ..." ಇನ್ನೊಂದು ಸೌಟು ಬಿತ್ತು. "ಸಾಕು ಕಣೇ, ಸಾಕು!" ಅನ್ನುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಹೆಂಡತಿ ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕಳು. "ಈ ಮೇಡಂ ಒಂದು ತಿಂಗಳು ಇದ್ರೆ ನೀವು ಮೈ ಕೈ ತುಂಬ್ಕೋತೀರಿ" ಅಂದಳು.

ಎರಡನೇ ದಿನ ಮಧ್ಯಾಹ್ನ ಎಲ್ಲರೂ ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಆಗ ಒಂದು ಗುಂಪು ಪಡ್ಡೆ ಹುಡುಗರು ಚೆಂಡು ತಂದು ಹೂವಿನ ಪಾತಿಯ ಪಕ್ಕದಲ್ಲೇ ಆಟ ಶುರುಮಾಡಿದರು. ಗೇಟಣ್ಣ ತುತ್ತು ಬಾಯಲ್ಲಿದ್ದ ಹಾಗೇ ಎದ್ದು, "ಏಯ್!" ಅಂದ. ಹುಡುಗರು ಅವನ ಹೊಟ್ಟೆಯ ಕಡೆ ನೋಡಿ ಏನೋ ಅಂದುಕೊಂಡು ನಕ್ಕರು. ಆಟ ಇನ್ನೂ ಜೋರಾಯಿತು.

ಮೇಡಂ ಕೈ ತೊಳೆದುಕೊಂಡು ಅವರ ಹತ್ತಿರ ನಡೆದಳು. ಓಡಲಿಲ್ಲ. ಹುಡುಗರ ದನಿ ಏರಿದಷ್ಟೂ ಅವಳ ದನಿ ಇಳಿಯುತ್ತಿತ್ತು, ಕೇಳಿಸಿಕೊಳ್ಳಬೇಕು ಅಂದರೆ ಅವರು ಸುಮ್ಮನಾಗಲೇಬೇಕು. "ಆ ಗೋಡೆ ಕಡೆ ಜಾಗ ದೊಡ್ಡದಿದೆ. ಇಲ್ಲಿ ನಿಮ್ಮ ಹೊಡೆತಕ್ಕೆ ಜಾಗ ಸಾಲಲ್ಲ. ಗೋಲಿಗೆ ಕಲ್ಲು ನಾನಿಟ್ಟುಕೊಡ್ತೀನಿ ಬನ್ನಿ" ಅಂದಳು. ಅಂದವಳು ಹೇಳಿದ ಹಾಗೆ ಎರಡು ಕಲ್ಲನ್ನು ತಾನೇ ಎತ್ತಿಕೊಂಡು ಹೊರಟಳು. ಅವರಲ್ಲಿ ಎಲ್ಲರಿಗಿಂತ ಪುಂಡನಾದವನು ಓಡಿಬಂದು ಅವಳ ಕೈಯಿಂದ ಕಲ್ಲು ಇಸಕೊಂಡ. ಒಂದು ಸಲವೂ ಬೇಡ ಅನ್ನಲಿಲ್ಲ ಅವಳು, ಒಂದು ಹೂವೂ ಮುರಿಯಲಿಲ್ಲ.

ಸೀಟಿ ತಾತ ಬುತ್ತಿ ಮರೆತು ನೋಡುತ್ತಿದ್ದ. ಬಡಗಿ ಉಳಿ ಹಿಡಿದಿರುವುದನ್ನು ನೋಡಿದರೆ, ಕೈ ಪಳಗಿದೆಯೋ ಇಲ್ಲವೋ ಗೊತ್ತಾಗುತ್ತದಲ್ಲ, ಹಾಗೆ. ಇದೂ ಒಂದು ಕಸುಬು. ತಾನು ಇಷ್ಟು ಕಾಲ ಮಾಡಿದ್ದೂ ಇದೇ ಕಸುಬು, ಆದರೆ ಕೈಯಲ್ಲಿದ್ದದ್ದು ಒಂದೇ ಉಪಕರಣ, ಸೀಟಿ. ಅವಳ ಚೀಲದಲ್ಲಿ ಎಷ್ಟಿವೆಯೋ! ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಆಸೆಯಾಯಿತು.

"ತಿನ್ನೋ ಮಾರಾಯ, ಆರಿಹೋಯ್ತು" ಅಂದ ಗೇಟಣ್ಣ.

"ನೋಡ್ದೇನೋ ಅದನ್ನ?"

"ನೋಡ್ದೆ. ಆದ್ರೆ ನನ್ನ ಹೊಟ್ಟೆ ನೋಡಿ ಏನಂದ್ರು ಅಂತ ಕೇಳಿಸ್ತಾ ನಿಂಗೆ?"

ಪರೀಕ್ಷೆಯ ದಿನ ಬಿಸಿಲು ಎಳೆಯದಾಗಿತ್ತು, ಶಾಲೆಗೆ ರಜೆ, ಆಟದಂಗಳ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿತ್ತು. ಮೊದಲಿಗೇ ಸೀಟಿ ತಾತನ ಸರದಿ. ಮೇಡಂ ದೂರದ ಕಲ್ಲುಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಸೂಪರ್‌ವೈಸರ್. ಅಭ್ಯಾಸಬಲ, ತಾತನ ಕೈ ನಿಮಿಷಕ್ಕೊಮ್ಮೆ ಸೀಟಿಗೆ ಹೋಗುತ್ತಿತ್ತು. ಉಯ್ಯಾಲೆಯ ಮುಂದೆ ಒಬ್ಬ ಪೋರ ಓಡಿದ.

"ಓಡಬೇ..." ಅಂದು ಮಿಕ್ಕಿದ್ದನ್ನು ನುಂಗಿದ.

ಪೋರ ನಿಂತು ತಿರುಗಿದ. "ಏನು ತಾತ?"

"ಏನಿಲ್ಲಪ್ಪ. ನಡಿ. ನಡ್ಕೊಂಡು ಹೋಗು."

ಬೆಂಚಿನ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ತಗಡಿನ ಗೂಡಿನ ಬಿಸಿ ಬೆನ್ನಿಗೆ ತಾಗಿದಂತಾಯಿತು.

ಅಷ್ಟರಲ್ಲಿ ಬಲೆಯ ಕಡೆಯಿಂದ ಒಬ್ಬ ಹೆಂಗಸಿನ ಕೂಗು ಬಂತು. ಎರಡು ಜಡೆಯ ಹುಡುಗಿಯೊಬ್ಬಳು ಬಲೆಯ ತುದಿಯವರೆಗೆ ಹತ್ತಿ, ಅಲ್ಲಿ ಒಂದು ಕಾಲು ಮಂಡಿಯವರೆಗೂ ಹಗ್ಗದ ಕಣ್ಣಿನೊಳಗೆ ಸಿಕ್ಕಿಕೊಂಡು ವಾಲಿದ್ದಳು. ಕೆಳಗೆ ಅವಳ ತಾಯಿ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು, "ಕೆಳಗೆ ನೋಡಬೇಡ ಪುಟ್ಟಿ! ಅಳಬೇಡ! ಕೈ ಬಿಡಬೇಡ!"

ಹುಡುಗಿ ಕೆಳಗೆ ನೋಡಿದಳು. ಅತ್ತಳು. ಒಂದು ಕೈಯ ಬೆರಳು ಸಡಿಲವಾಯಿತು.

ಮೇಡಂ ಹೇಳಿದ್ದ ರೈಲು ಸೀಟಿ ತಾತನ ಕಣ್ಣೆದುರಿಗೇ ಹೋಗುತ್ತಿತ್ತು, ಒಂದೊಂದೇ ಡಬ್ಬಿಯಾಗಿ. ಅವನ ಗಂಟಲಿಗೂ ಅದೇ ಬಂತು, "ಬಿಡ..." ಅನ್ನುವುದು. ಬಾಯಿ ಮುಚ್ಚಿದ. ಕೈ ಸೀಟಿಯನ್ನು ಹಿಡಿದಿತ್ತು. ಅದನ್ನು ಕೊರಳಿಂದ ತೆಗೆದು ತಾಯಿಯ ಕೈಯಲ್ಲಿಟ್ಟ.

"ತಾಯೀ, ಇದನ್ನ ಭದ್ರವಾಗಿ ಹಿಡ್ಕೊಳ್ಳಿ. ಮಗೂನ ನಾನು ಇಳಿಸ್ತೀನಿ."

ತಾಯಿ ಅದೇನೆಂದು ನೋಡುವಷ್ಟರಲ್ಲಿ ಅವಳ ಕೂಗು ನಿಂತಿತು. ಸುತ್ತ ಜನ ಸೇರುತ್ತಿದ್ದರು. ಆ ಕಡೆಯಿಂದ ಮೇಡಂ ಬಂದು, ತಗ್ಗಿದ ದನಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹೇಳಿ ಹಿಂದಕ್ಕೆ ಕಳಿಸುತ್ತಿದ್ದಳು, ನೀವು ಮಕ್ಕಳನ್ನ ಬೆಂಚಿನ ಹತ್ರ ಕೂರಿಸಿ, ನೀವು ಸ್ವಲ್ಪ ನೀರು ತನ್ನಿ ಅಂತ. ಬಲೆಯ ಹತ್ತಿರ ಮಾತ್ರ ಅವಳು ಬರಲಿಲ್ಲ. ಅದನ್ನು ಅವನಿಗೇ ಬಿಟ್ಟಿದ್ದಳು.

ಅವನು ಬಲೆಯ ಕೆಳಸಾಲಿನ ಮೇಲೆ ಕಾಲಿಟ್ಟು ನಿಂತು, ಒಂದು ಕೈ ಮೇಲಕ್ಕೆ ಚಾಚಿದ. ಸೀಟಿಯೂ ಇಲ್ಲ, ಕೂಗೂ ಇಲ್ಲ. ತಾತ ಇಷ್ಟು ಸುಮ್ಮನಿದ್ದದ್ದನ್ನು ಹುಡುಗಿ ಎಂದೂ ಕಂಡವಳಲ್ಲ. ಅಳು ನಿಲ್ಲಿಸಿ ಅವನ ಮುಖ ನೋಡಿದಳು.

"ಪುಟ್ಟೀ, ಬಲಗೈ ಗಟ್ಟಿಯಾಗಿ ಹಿಡ್ಕೋ."

"ಬಲಗೈ ಯಾವುದು?"

"ಬರೆಯೋ ಕೈ."

"ನಾನು ಎರಡರಲ್ಲೂ ಬರೀತೀನಿ."

"ಓಹೋ, ಜಾಣೆ! ಹಾಗಾದ್ರೆ ಗಾಯಕ್ಕೆ ಪಟ್ಟಿ ಹಾಕಿದೆಯಲ್ಲ, ಆ ಕೈ. ಹಿಡ್ಕೋ. ಇನ್ನೂ ಗಟ್ಟಿ. ಹಾಂ. ಈಗ ಆ ಇನ್ನೊಂದು ಕೈಯಲ್ಲೂ ಹಿಡಿ."

ಸಡಿಲವಾಗಿದ್ದ ಬೆರಳುಗಳು ಹಗ್ಗವನ್ನು ಮತ್ತೆ ಸುತ್ತಿಕೊಂಡವು.

"ಸಿಕ್ಕಿರೋ ಕಾಲಿನ ಮಂಡಿ ಮಡಚು. ಮೆಲ್ಲಗೆ ಮೇಲಕ್ಕೆ ಎಳ್ಕೋ."

"ಬರ್ತಿಲ್ಲ ತಾತ."

"ಬರುತ್ತೆ. ಹೊಟ್ಟೆ ಕಡೆ ಎಳ್ಕೋ. ಬಂತಾ? ಈಗ ಅದೇ ಕಾಲು ಕೆಳಗೆ ಬಿಡು, ನನ್ನ ಕೈ ಎಲ್ಲಿದೆ ನೋಡಿ ಅದರ ಮೇಲೆ ಇಡು."

ಹುಡುಗಿ ಕೆಳಗೆ ನೋಡಿದಳು. ಈ ಸಲ ನೆಲ ಕಾಣಲಿಲ್ಲ, ಅವನ ಅಂಗೈ ಕಂಡಿತು. ಸಣ್ಣ ಪಾದ ಬಂದು ಅದರ ಮೇಲೆ ಕೂತಿತು. ಆಮೇಲೆ ಇನ್ನೊಂದು ಕಾಲು, ಆಮೇಲೆ ಕೈ. ಒಂದೊಂದಕ್ಕೂ ಅವನ ಹತ್ತಿರ ಒಂದೊಂದು ಮಾತಿತ್ತು, ಎಲ್ಲಿಂದ ಬರುತ್ತಿದೆಯೋ ಅವನಿಗೇ ತಿಳಿಯಲಿಲ್ಲ. ಮರಳಿನ ಮೇಲೆ ಇಳಿದ ಮಗಳನ್ನು ತಾಯಿ ಬಾಚಿ ತಬ್ಬಿಕೊಂಡು, ಹಿಂದೆ ತಿರುಗಿ ನೋಡದೆ ಮನೆಯ ದಾರಿ ಹಿಡಿದಳು. ಅವನು ಬಲೆಯಿಂದ ಇಳಿದು ಅಲ್ಲೇ ಕೂತುಬಿಟ್ಟ.

ಸೂಪರ್‌ವೈಸರ್ ಮೇಡಂ ಕಡೆ ನೋಡಿದ. "ಇವ್ರನ್ನ ಏನ್ಮಾಡೋಣ?"

"ಇಲ್ಲೇ ಇರ್ಲಿ" ಅಂದಳು ಮೇಡಂ. ಆಮೇಲೆ ಮೊದಲ ದಿನದ ಹಾಗೇ ಮರಳಿನಲ್ಲಿ ಅವನ ಪಕ್ಕ ಕೂತು, "ಯಜಮಾನ್ರೇ, ಮುಂದಿನ ತಂಡಕ್ಕೆ ಕಲಿಸೋವಾಗ ನೀವೂ ನನ್ನ ಜೊತೆ ಬರಬೇಕು. ಬಲೆಯಿಂದ ಬೀಳೋಕೆ ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ" ಅಂದಳು.

"ಗೇಟಣ್ಣನೂ ಬರಬೇಕಾಗುತ್ತೆ ಮೇಡಂ. ಬೀಳಿಸೋಕೆ."

ದೂರದಲ್ಲಿ ಗೇಟಣ್ಣ ತನ್ನ ಸರದಿಗೆ ಕಾಯುತ್ತ, ತುಟಿ ಅಲುಗಿಸುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದ.

ಮೇಡಂ ಹೊರಟುಹೋದ ಮೇಲೆಯೇ ತಾತನಿಗೆ ನೆನಪಾದದ್ದು, ಸೀಟಿ ಆ ತಾಯಿಯ ಕೈಯಲ್ಲೇ ಹೋಯಿತು ಅಂತ. ಕೊರಳು ಹಗುರವಾಗಿ, ಬರಿದಾಗಿ, ಒಂಥರಾ ಆಗುತ್ತಿತ್ತು.

ಮಾರನೇ ಬೆಳಿಗ್ಗೆ ಎರಡು ಜಡೆಯ ಹುಡುಗಿ ಬಂದಳು. ಸೀಟಿ ಅವಳ ಕೊರಳಲ್ಲಿತ್ತು. ಬಹುಶಃ ದಾರಿಯುದ್ದಕ್ಕೂ ಊದಿಕೊಂಡೇ ಬಂದಿರಬೇಕು, ಹಿಂದೆ ಬರುತ್ತಿದ್ದ ತಾಯಿಯ ಮುಖವೇ ಹೇಳುತ್ತಿತ್ತು. ಹುಡುಗಿ ಅದನ್ನು ತೆಗೆದು ಅವನ ಕೈಗಿಟ್ಟು, ಬಲೆಯ ಕಡೆ ನಡೆದಳು. ಅಲ್ಲಿ ಅವಳಿಗಿಂತ ಸಣ್ಣವನೊಬ್ಬ ಮೊದಲ ಸಾಲಿನಲ್ಲೇ ಹತ್ತಲೋ ಇಳಿಯಲೋ ಅಂತ ನಿಂತಿದ್ದ.

"ಗಟ್ಟಿಯಾಗಿ ಹಿಡ್ಕೋ" ಅಂದಳು ಅವನಿಗೆ. "ಪಟ್ಟಿ ಇರೋ ಕೈ ಮೊದಲು."

"ನಂಗೆ ಪಟ್ಟಿ ಇಲ್ಲ."

"ಹಾಗಾದ್ರೆ ಯಾವ್ದಾದ್ರೂ ಒಂದು. ಗಟ್ಟಿ. ಇನ್ನೂ ಗಟ್ಟಿ."

ಇಬ್ಬರೂ ಹತ್ತತೊಡಗಿದರು. ಸೀಟಿ ತಾತ ಸೀಟಿಯನ್ನು ಜೇಬಿಗೆ ಹಾಕಿಕೊಂಡು, ತಲೆ ಮೇಲೆತ್ತಿ, ಬಲೆಯ ಕೆಳಗೆ ಅವರ ಜೊತೆಜೊತೆಗೇ ಆ ಕಡೆಯಿಂದ ಈ ಕಡೆಗೆ ನಡೆದ. ಅವನು ಹೆಜ್ಜೆ ಹಾಕಿದಾಗಲೆಲ್ಲ ಜೇಬಿನಲ್ಲಿ ಸೀಟಿಯೊಳಗಿನ ಕಾಳು ಸಣ್ಣಗೆ ಕಟಕಟ ಅನ್ನುತ್ತಿತ್ತು.