ಪ್ರಕೃತಿ ಆರಿಸಿದ ಚಾಕು

ಚಾಕುವಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಬಿಡುವಾದಾಗಲೆಲ್ಲ ಅದೇ ವೀಡಿಯೊ ನೋಡುತ್ತಿದ್ದೆ. ಅಲಗು ಹಿಡಿಯೊಳಗೆ ಕೊನೆಯವರೆಗೂ ಹೋಗಿರಬೇಕು, ಇಲ್ಲದಿದ್ದರೆ ಒತ್ತಿದಾಗ ಬುಡದಲ್ಲೇ ಮುರಿಯುತ್ತದೆ. ಅಂಗೈ ಅಗಲಕ್ಕಿಂತ ತುಸು ಉದ್ದವಿದ್ದರೆ ಸಾಕು, ಮೊಳದುದ್ದದ್ದು ಸಿನಿಮಾದವರಿಗೆ. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ಬಂಗಾಳದ ತೇವಕ್ಕೆ ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಇಷ್ಟನ್ನೂ ನಾನು ಕೋಲ್ಕತ್ತದ ಸಾಲ್ಟ್ ಲೇಕಿನ ಆಫೀಸಿನಲ್ಲಿ, ಏಸಿಯ ಕೆಳಗೆ ಕುಳಿತು ಕಲಿತೆ. ಸೇಬು ಬಿಟ್ಟರೆ ಬೇರೇನನ್ನೂ ಕತ್ತರಿಸಿದವನಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಚಾಕು ಬೇಕಾಗಿದ್ದುದು ನನ್ನ ಹೆಂಡತಿ ಪ್ರಕೃತಿಗೆ. ಉಡುಪಿ ಕಡೆಯವಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಜರೀಗಿಡಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಅವಳ ತಂಡ ಉತ್ತರ ಬಂಗಾಳದ ಕಾಡಿಗೆ ಹೊರಟಿತ್ತು. ತಂಡದ ಮುಖ್ಯಸ್ಥರು ಶಶಾಂಕ, ಎಲ್ಲರ ಬಾಯಲ್ಲಿ ಶಶಾಂಕದಾ, ಅಂದರೆ ಶಶಾಂಕಣ್ಣ. ಹಿಂದಿನ ಸಲ ಒಬ್ಬ ವಿದ್ಯಾರ್ಥಿಯ ಮಡಿಸುವ ಚಾಕು ಅವನ ಬೆರಳ ಮೇಲೆಯೇ ಮಡಚಿಕೊಂಡಿತ್ತು. ಅವನನ್ನು ಹೊತ್ತು ಹೊಳೆ ದಾಟಿಸಿದ ಮೇಲೆ ಅವರು ಒಂದು ನಿಯಮ ಮಾಡಿದ್ದರು. ಎಲ್ಲರೂ ಮಡಿಸದ ಚಾಕುವನ್ನೇ ತರಬೇಕು. ಹೊರಡುವ ಮುಂಚಿನ ಭಾನುವಾರ ಒದ್ದೆ ಕೊಂಬೆಯೊಂದರ ಸಿಪ್ಪೆ ತೆಗೆದು, ಒಳಗಿನ ಒಣ ಮರವನ್ನು ತೆಳ್ಳಗೆ ಸುರುಳಿ ಸುರುಳಿಯಾಗಿ ಕೆತ್ತಿ, ಅದರಿಂದಲೇ ಬೆಂಕಿ ಹೊತ್ತಿಸಿ ತೋರಿಸಬೇಕು. ಆಗದವರು ಕೋಲ್ಕತ್ತದಲ್ಲೇ ಉಳಿದು, ಬೇರೆಯವರು ತಂದ ಗಿಡಗಳಿಗೆ ಚೀಟಿ ಅಂಟಿಸಬೇಕು.

"ಎರಡು ವರ್ಷ ಚೀಟಿ ಅಂಟಿಸಿ ಆಯ್ತು ಮಾರಾಯಾ," ಎಂದಳು ಪ್ರಕೃತಿ. "ಆ ಗಿಡಗಳನ್ನು ನಾನು ಜೀವ ಇರುವಾಗ ಒಮ್ಮೆಯೂ ನೋಡ್ಲಿಲ್ಲ. ಈ ಸಲ ನಾನು ಹೋಗ್ಲೇಬೇಕು."

ಧರ್ಮತಲಾದ ಹತ್ತಿರದ ಓಣಿಯಲ್ಲಿ ಚಾರಣದ ಸಾಮಾನು ಮಾರುವ ಅಂಗಡಿಗೆ ಹೋದೆವು. ಅಂಗಡಿಯ ಮುದುಕರು ಮೊದಲು ತೆಗೆದದ್ದು ಬೆನ್ನಿಗೆ ಗರಗಸ, ಹಿಡಿಯ ತುದಿಗೆ ದಿಕ್ಸೂಚಿ ಇರುವ ಭಾರೀ ಚಾಕು. ನಾನು ಬೆರಳಿನಿಂದ ಹಿಡಿಯನ್ನು ತಟ್ಟಿ, "ಟೊಳ್ಳು!" ಎಂದು ನಕ್ಕೆ. ಮುದುಕರು ನನ್ನನ್ನು ದೊಡ್ಡ ಬೇಟೆಗಾರನೆಂದುಕೊಂಡು ಚಹಾ ತರಿಸಿದರು. ಆಮೇಲೆ ಒಂದೊಂದಾಗಿ ಪೆಟ್ಟಿಗೆ ಬಿಚ್ಚಿದರು. ಪ್ರಕೃತಿ ಪ್ರತಿಯೊಂದನ್ನೂ ಬಲಗೈ ಚಾಚಿ ತೆಗೆದುಕೊಂಡಳು, ತಿರುಗಿಸಿ ನೋಡಿದಳು, ಕೆಳಗಿಟ್ಟಳು.

"ಯಾವುದೂ ಕೈಯಲ್ಲಿ ಕೂರುವುದಿಲ್ಲ."

"ಅಭ್ಯಾಸ ಆದ್ರೆ ಕೂರುತ್ತೆ ಕಣೇ. ಇದನ್ನ ನೋಡು," ಎಂದು ನಾನೇ ಒಂದನ್ನು ಆರಿಸಿದೆ. ಅದರ ಹಿಡಿಯನ್ನು ಬಲ ಅಂಗೈಯ ಉಬ್ಬುತಗ್ಗಿಗೆ ಸರಿಯಾಗಿ ಕೆತ್ತಿದ್ದರು. ಒರೆಯೂ ಬಲ ಸೊಂಟಕ್ಕೆ ಹೇಳಿ ಮಾಡಿಸಿದಂತಿತ್ತು. ಸಾದಾ ಮರದ ಹಿಡಿಯ ಗಿಡ್ಡ ಚಾಕುವೊಂದನ್ನು ಮುದುಕರು ಮುಂದೆ ಮಾಡಿದಾಗ, ಅಡುಗೆಮನೆಯದರ ಹಾಗಿದೆ ಎಂದು ಪಕ್ಕಕ್ಕೆ ಸರಿಸಿದೆ.

ಜಾದವಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ಅಭ್ಯಾಸ ಶುರುವಾಯಿತು. ಸುರುಳಿ ಬರಬೇಕಾದಲ್ಲಿ ಕೊಂಬೆಯಿಂದ ದಪ್ಪ ದಪ್ಪ ಚಕ್ಕೆ ಹಾರುತ್ತಿತ್ತು. ಅಲಗು ಒಮ್ಮೆ ಜಾರುತ್ತಿತ್ತು, ಒಮ್ಮೆ ಮರದೊಳಗೆ ಹೂತು ನಿಲ್ಲುತ್ತಿತ್ತು. ನಾನು ಹಿಂದೆ ನಿಂತು ಕೋನ ಹೇಳಿಕೊಟ್ಟೆ, ಮೊಣಕೈ ತಿದ್ದಿದೆ, ವೀಡಿಯೊ ತೋರಿಸಿದೆ. ಅಡುಗೆ ಮಾಡಲು ಬರುವ ಚಂಪಾ ಕಸ ಗುಡಿಸಿ ಗುಡಿಸಿ ಸಾಕಾಗಿ, "ದಿದಿ ಕಾಡಿಗೆ ಹೋಗೋದು ಬೇಡ, ಕಾಡೇ ಇಲ್ಲಿಗೆ ಬಂದಿದೆ," ಎಂದಳು.

"ಚಾಕು ಸರಿ ಇಲ್ಲ," ಎಂದಳು ಪ್ರಕೃತಿ ಒಂದು ದಿನ.

"ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ," ಎಂದೆ ನಾನು. ತಮಾಷೆಗೇ ಅಂದದ್ದು. ಅವಳು ನಗಲಿಲ್ಲ. ಚಾಕುವನ್ನು ಒರೆಗೆ ಸೇರಿಸಿ ಒಳಗೆ ಹೋದಳು.

ಶನಿವಾರದ ಹೊತ್ತಿಗೆ ಅವಳ ಬಲ ಅಂಗೈಯಲ್ಲಿ ಬೊಬ್ಬೆಗಳೆದ್ದು ಪಟ್ಟಿ ಕಟ್ಟುವಂತಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಶಶಾಂಕದಾಗೆ ಬರೆದ ಸಂದೇಶ. ಈ ಸಲವೂ ತಾನು ಬರುವುದಿಲ್ಲ, ತನ್ನ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳಿ ಎಂದಿತ್ತು.

"ಕಳಿಸ್ತೇನೆ," ಎಂದಳು. "ನಾಳೆ ಎಲ್ಲರೆದುರು ಮರ್ಯಾದೆ ಕಳ್ಕೊಳ್ಳುವುದಕ್ಕಿಂತ ಇವತ್ತೇ ಹೇಳುವುದು ಒಳ್ಳೇದು."

ನಾನು ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಉಡುಪಿಯಿಂದ ಅವಳ ಅಮ್ಮ ಶೋಭನಾ ಫೋನ್ ಮಾಡಿದರು. ನಮ್ಮತ್ತೆ ಒಮ್ಮೆ ಶುರು ಮಾಡಿದರೆ ಹೂಂಗುಟ್ಟುವುದಷ್ಟೇ ನಮ್ಮ ಪಾಲಿಗೆ. ಪ್ರಕೃತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಹೂಂ ಹೂಂ ಎನ್ನುತ್ತ ಬಾಲ್ಕನಿಯಲ್ಲಿ ಕುಳಿತಳು. ಕೈ ಸುಮ್ಮನಿರಲಾರದೆ ಅಲ್ಲೇ ಬಿದ್ದಿದ್ದ ಕೊಂಬೆಯನ್ನು ಎತ್ತಿಕೊಂಡಿತು. ಬಲ ಅಂಗೈ ಉರಿಯುತ್ತಿದ್ದುದರಿಂದ ಅದರಲ್ಲಿ ಕೊಂಬೆಯನ್ನು ಮೆಲ್ಲಗೆ ಹಿಡಿದು, ಚಾಕುವನ್ನು ಎಡಗೈಗೆ ತೆಗೆದುಕೊಂಡಿದ್ದಳು.

ಹಿಡಿ ಆ ಕೈಗೆ ಹೊಂದದಿದ್ದರೂ ಅಲಗು ಸರ್ರನೆ ಇಳಿಯಿತು. ಒಂದು ಸುರುಳಿ ಎದ್ದಿತು. ಅದರ ಪಕ್ಕಕ್ಕೆ ಇನ್ನೊಂದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಅಮ್ಮ ಅತ್ತ ಯಾರದೋ ಗೃಹಪ್ರವೇಶದ ಊಟದ ವರ್ಣನೆ ಮಾಡುತ್ತಿದ್ದರು. ಇತ್ತ ಕೊಂಬೆಯ ತುದಿಯಲ್ಲಿ ಸುರುಳಿಗಳ ಗೊಂಚಲೇ ಆಗುತ್ತಿತ್ತು. ನಾನು ನೋಡುತ್ತ ನಿಂತೆ. ಆಮೇಲೆ ತಡೆಯಲಾಗಲಿಲ್ಲ.

"ಪ್ರಕೃತಿ, ನಿನ್ನ ಕೈ ನೋಡ್ಕೋ!"

ಅವಳು ಬೆಚ್ಚಿ ನೋಡಿಕೊಂಡಳು. ಕೊಂಬೆಯನ್ನು ನೋಡಿದಳು, ಎಡಗೈಯನ್ನು ನೋಡಿದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಕೇಳಿದೆ, "ಅತ್ತೆ, ಇವಳು ಎಡಚಿಯಾ?"

"ಓ, ಅದಾ!" ಎಂದರು ಅತ್ತೆ, ಏನೂ ಆಗದವರಂತೆ. "ಸಣ್ಣವಳಿರುವಾಗ ಎಲ್ಲದಕ್ಕೂ ಎಡಗೈಯೇ ಮುಂದೆ ಮಾಡ್ತಿದ್ಳು. ಊಟಕ್ಕೂ! ನಮ್ಮ ಮಾವನವರಿಗೆ ಅದನ್ನು ನೋಡ್ಲಿಕ್ಕೇ ಆಗ್ತಿರ್ಲಿಲ್ಲ. ಊಟಕ್ಕೆ ಕೂರುವ ಮೊದಲು ಆ ಕೈಗೆ ಹಾಗಲಕಾಯಿ ರಸ ಹಚ್ಚುತ್ತಿದ್ರು. ಶಾಲೆಗೆ ಹಾಕುವಷ್ಟರಲ್ಲಿ ಸರಿ ಆಯ್ತು."

"ಅಮ್ಮಾ, ನಂಗೆ ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?"

"ಹೇಳ್ಲಿಕ್ಕೆ ಎಂತ ಉಂಟು? ಸರಿ ಆಗಿತ್ತಲ್ಲ!"

"ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗಲಾದ್ರೂ ಗೊತ್ತಾಗ್ಬೇಕಿತ್ತಲ್ಲ?"

"ನಮ್ಮಲ್ಲಿ ಚಾಕು ಎಲ್ಲಿತ್ತು ಮಾರಾಯ್ತಿ? ಮೆಟ್ಟುಕತ್ತಿ. ಅದಕ್ಕೆ ಎಡ ಬಲ ಉಂಟಾ?"

ಹೌದಲ್ಲ! ನಮ್ಮ ಬೆಂಗಳೂರಿನ ಈಳಿಗೆಮಣೆಯೂ ಹಾಗೆಯೇ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತರೆ ಅಲಗು ನಿಂತಲ್ಲೇ ನಿಂತಿರುತ್ತದೆ. ತರಕಾರಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಕಡೆಗೆ ತಳ್ಳುವುದು. ಕೋಲ್ಕತ್ತಕ್ಕೆ ಬಂದರೆ ಇಲ್ಲೂ ಚಂಪಾಳ ಬೊಂಟಿ, ಅದೇ ಮಣೆ, ಅದೇ ಅಲಗು. ಚಂಪಾ ಬಾರದ ದಿನ ಪ್ರಕೃತಿ ಅದರ ಮುಂದೆಯೇ ಕೂರುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಮರದ ಮೇಲೆ ಚಾಕು ಹಿಡಿದದ್ದು ಈ ಅಭ್ಯಾಸದಲ್ಲೇ ಮೊದಲು.

ಅವಳು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ನನಗೆ ಬರುವುದಿಲ್ಲ ಅಂದ್ಕೊಂಡಿದ್ದೆ," ಎಂದಳು. ನನ್ನ ಗಾದೆ ನನಗೇ ಚುಚ್ಚಿತು. ತಪ್ಪಾಯಿತು ಎಂದೆ. "ತಪ್ಪು ಆಮೇಲೆ. ಮೊದಲು ಅಂಗಡಿಗೆ ನಡಿ," ಎಂದು ಆ ಸಂದೇಶವನ್ನು ಅಳಿಸಿದಳು.

ಅಂಗಡಿಯ ಮುಂದೆ ನನಗೊಂದು ಷರತ್ತು ಹಾಕಿದಳು. "ನೀನು ಬಾಯಿ ತೆರೀಬಾರ್ದು." ತೆರೆಯಲಿಲ್ಲ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಅವಳು ಒಂದೊಂದೇ ಚಾಕುವನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮಣಿಕಟ್ಟನ್ನು ಆಡಿಸಿದಳು. ನಾನು ಸರಿಸಿದ್ದ ಆ ಮರದ ಹಿಡಿಯದು ಬಂದಾಗ ಮುಷ್ಟಿ ಬಿಡಲೇ ಇಲ್ಲ. ಅದರ ಹಿಡಿಗೆ ಎರಡೂ ಮಗ್ಗುಲು ಒಂದೇ, ಒರೆಯನ್ನು ಯಾವ ಸೊಂಟಕ್ಕಾದರೂ ಕಟ್ಟಬಹುದಿತ್ತು. "ಇದು ಕೂತಿತು," ಎಂದಳು. ಅದೇ ಎಡಗೈಯಲ್ಲಿ ಹಣ ಚಾಚಿದಾಗ ಮುದುಕರು ಮುಖ ಸಿಂಡರಿಸಿ, "ದಿದಿ, ಲಕ್ಷ್ಮಿಯನ್ನು ಮಾತ್ರ ಬಲಗೈಯಲ್ಲಿ ಕೊಡಿ," ಎಂದರು. ಕೊಟ್ಟಳು.

ಭಾನುವಾರ ಸೋನಾರ್‌ಪುರದ ಆಚೆ, ಶಶಾಂಕದಾ ಅವರ ಗೆಳೆಯರ ತೋಟದಲ್ಲಿ ಪರೀಕ್ಷೆ. ಹಿಂದಿನ ರಾತ್ರಿಯ ಮಳೆಗೆ ಕೊಂಬೆಗಳೆಲ್ಲ ತೊಯ್ದಿದ್ದವು. ಪ್ರಕೃತಿ ಸಿಪ್ಪೆ ಕೆತ್ತಿ ಎಸೆದು, ಒಳಮರವನ್ನು ಸುರುಳಿ ಸುರುಳಿಯಾಗಿ ಎಬ್ಬಿಸಿದಳು. ಮೊದಲ ಬೆಂಕಿಕಡ್ಡಿ ಗಾಳಿಗೆ ಆರಿತು. ಎರಡನೆಯದು ಹೊಗೆ ಮಾತ್ರ ಕೊಟ್ಟಿತು. ನನ್ನ ನಾಲಿಗೆಯ ತುದಿಗೆ ಬಂದ ಉಪದೇಶವನ್ನು ನುಂಗಿಕೊಂಡೆ. ಅವಳು ಮತ್ತೆ ಕುಳಿತು ಇನ್ನಷ್ಟು ತೆಳ್ಳಗೆ ಕೆತ್ತಿದಳು. ಮೂರನೆಯ ಕಡ್ಡಿಗೆ ಬೆಂಕಿ ಹತ್ತಿಕೊಂಡಿತು. ನಾನು ಚಪ್ಪಾಳೆ ತಟ್ಟಿದ್ದು ತೋಟದಾಚೆಗೂ ಕೇಳಿರಬೇಕು.

ಶಶಾಂಕದಾ ಬಗ್ಗಿ ನೋಡಿದರು. "ನೀನು ಎಡಗೈಯವಳೆಂದು ನನಗೆ ಗೊತ್ತೇ ಇರಲಿಲ್ಲ!"

"ನನಗೂ," ಎಂದಳು ಪ್ರಕೃತಿ. "ನಿನ್ನೆ ಗೊತ್ತಾಯಿತು." ಅವರು ನಕ್ಕು, ಬೇಗ ಚೀಲ ಕಟ್ಟಿಕೋ ಎಂದರು.

ಆ ಬೆಂಕಿಯ ಮೇಲೆಯೇ ಅಕ್ಕಿ ಬೇಳೆಯ ಕಿಚುರಿ ಬೇಯಿಸಿದರು. ಎಲೆಯ ತಟ್ಟೆಗಳಲ್ಲಿ ಬಡಿಸಿಕೊಂಡು ಎಲ್ಲರೂ ಮರದ ಕೆಳಗೆ ಕುಳಿತೆವು. ಪ್ರಕೃತಿ ಎರಡೂ ಕೈ ತೊಳೆದು ಬಂದಳು. ತಟ್ಟೆಯ ಮುಂದೆ ಕುಳಿತು, ಎಡಗೈಯಿಂದ ಒಂದು ತುತ್ತು ಕಲಸಿದಳು. ಮರದಿಂದ ಅಷ್ಟು ನವಿರಾಗಿ ಸುರುಳಿ ತೆಗೆದ ಕೈಗೆ ತುತ್ತೆತ್ತಲು ಬರಲಿಲ್ಲ. ಅರ್ಧ ಬಾಯಿಗೆ ಹೋಯಿತು, ಅರ್ಧ ಪ್ಯಾಂಟಿನ ಮೇಲೆ ಬಿತ್ತು. ಎದುರಿಗಿದ್ದವರು ಕಂಡೂ ಕಾಣದಂತೆ ಮುಖ ತಿರುಗಿಸಿದರು.

"ಚಮಚ ತರ್ಲಾ?" ಎಂದೆ.

"ಬೇಡ ಮಾರಾಯಾ," ಎಂದಳು. "ಪಾಪ, ಈ ಕೈ ಊಟಕ್ಕೆ ಕೂತದ್ದೇ ಈಗ."

ನಾನು ಎದ್ದು ಹೋಗಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.