ಬೇರೆಯವರು ತೊಟ್ಟ ಜಾಕೆಟ್

ಹೊರನಾಡಿನ ನೆರೂಳದಲ್ಲಿ ನೆಲೆಸಿದ್ದ ವಾರಿಜಕ್ಕನಿಗೆ ವಿಯೆಟ್ನಾಮಿನ ಪ್ರವಾಸಕ್ಕೆ ವೀಸಾ ಬಂದ ದಿನವೇ ಮನೆಯಲ್ಲಿ ಚರ್ಚೆ ಶುರುವಾಯಿತು. ಗಂಡ ಮಧ್ವರಾಜರು ತಮ್ಮ ಹೋಟೆಲಿನಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳಿದರು.

“ರಾತ್ರಿ ಹಡಗಿನಲ್ಲೇ ಮಲಗುದಂತೆ, ಹೌದಾ? ನಿನಗೆ ಈಜಲಿಕ್ಕೆ ಬರುದಿಲ್ಲ ಅಂತ ಹಡಗಿನವರಿಗೆ ಗೊತ್ತುಂಟಾ?”

“ಒಂದೇ ರಾತ್ರಿ. ಅದೂ ಕೊಲ್ಲಿಯ ಒಳಗೆ. ದೊಡ್ಡ ಅಲೆಯೇ ಇಲ್ಲವಂತೆ,” ಎಂದರು ವಾರಿಜಕ್ಕ. “ಮತ್ತೆ ನಾನು ಮಲ್ಪೆಯ ಹತ್ತಿರ ಹುಟ್ಟಿದವಳು.”

“ಹುಟ್ಟಿದ್ದು ಹೌದು. ಕಡಲಿಗೆ ಎಲ್ಲಿವರೆಗೆ ಇಳಿದಿದ್ದಿ?”

ಕಣಕಾಲಿನವರೆಗೆ. ಅದೂ ಅಮ್ಮನ ಕೈ ಬಿಡದೆ. ವಾರಿಜಕ್ಕ ಆ ಮಾತು ಬಿಟ್ಟು ವೀಸಾದ ಕಾಗದ ಮಡಚತೊಡಗಿದರು.

“ಈಜು ಬಾರದವರು ದಡದಲ್ಲಿರಬೇಕು,” ಎಂದು ಮಧ್ವರಾಜರು ತೀರ್ಪು ಕೊಟ್ಟರು. “ಉಳಿದವರು ಹಡಗಿಗೆ ಹೋಗಲಿ. ನೀನು ಲಾಡ್ಜಿನಲ್ಲಿ ಕೂತ್ಕೋ.”

ಮದುವೆಯಾದಂದಿನಿಂದ ವಾರಿಜಕ್ಕ ಎಲ್ಲಿಗೆ ಹೋಗಿದ್ದರೂ ಗಂಡನ ಜೊತೆ, ಹೋಟೆಲಿಗೆ ರಜೆ ಸಿಕ್ಕಾಗ ಮಾತ್ರ. ಗೆಳತಿಯರ ಜೊತೆ ಹೋಗುವ ಮೊದಲ ಪ್ರಯಾಣ ಇದು. ಆ ಒಂದು ರಾತ್ರಿಯನ್ನು ಲಾಡ್ಜಿನ ಗೋಡೆ ನೋಡುತ್ತಾ ಕಳೆಯುವ ಮನಸ್ಸು ಅವರಿಗೆ ಇರಲಿಲ್ಲ.

ಮರುದಿನ ಕನ್ನಡ ಸಂಘದ ಕೋಣೆಗೆ ಶ್ರೀಪ್ರಿಯಾ ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದಳು. ಹತ್ತಿರದ ಐರೋಲಿಯ ಶ್ರೀಪ್ರಿಯಾ ನಡುವಯಸ್ಸಿನಲ್ಲಿ ಈಜು ಕಲಿತವಳು, ಈಗ ತನ್ನ ಸೊಸೈಟಿಯ ಕೊಳದಲ್ಲಿ ಹೆಂಗಸರಿಗೆ ಕಲಿಸುವವಳು. ಪ್ರಯಾಣಕ್ಕೆ ಹೊರಟ ಮೂವರಲ್ಲಿ ಅವಳೂ ಒಬ್ಬಳು. ಇನ್ನೊಬ್ಬಳು ಧಾರವಾಡದ ಕಡೆಯ ಪದ್ಮಾವತಿ.

“ಈಜು ಬರಬೇಕಂತ ಇಲ್ಲ ವಾರಿಜಕ್ಕ. ಇದನ್ನು ಸರಿಯಾಗಿ ಹಾಕಿದರೆ ತೇಲ್ತೀರಿ. ಬನ್ನಿ, ಹಾಕಿ ನೋಡಿ.”

“ಯಾರದ್ದು ಇದು?”

“ಕೊಳದ್ದು. ಬಂದವರೆಲ್ಲ ಹಾಕ್ತಾರೆ. ಹಡಗಿನಲ್ಲಿ ಕೊಡುದೂ ಇಂಥದ್ದೇ.”

ವಾರಿಜಕ್ಕನ ಕೈ ಹಿಂದೆ ಸರಿಯಿತು. ಅವರದು ಮಡಿಯ ಮನೆ. ಬೇರೆಯವರ ಟವೆಲ್ ಮುಟ್ಟುವವರಲ್ಲ. ಗಂಡನದೇ ಹೋಟೆಲಿಗೆ ಹೋದರೂ ಮನೆಯಿಂದ ತಂದ ಲೋಟದಲ್ಲಿ ಕಾಫಿ ಕುಡಿಯುವವರು.

“ಎಷ್ಟು ಜನರ ಬೆವರು ಉಂಟೋ ಇದರಲ್ಲಿ. ನನ್ನಿಂದಾಗುದಿಲ್ಲ ಮಾರಾಯ್ತಿ. ಹತ್ತಿರ ಇಟ್ಕೊಳ್ತೇನೆ. ಬೇಕಾದ್ರೆ ಹಾಕುವಾ.”

“ಬೇಕಾಗುದು ನೀರಿಗೆ ಬಿದ್ದ ಮೇಲೆ. ಆಗ ಬಕಲ್ ಕೈಗೆ ಸಿಗುದಿಲ್ಲ.”

“ಮೈಲಿಗೆ ಅಲ್ವಾ?”

“ಮೈಲಿಗೆಗೆ ಸ್ನಾನ ಉಂಟು, ದಡಕ್ಕೆ ಬಂದು ನೀವೇ ಮಾಡ್ಬಹುದು,” ಎಂದಳು ಶ್ರೀಪ್ರಿಯಾ. “ಮುಳುಗಿದವರಿಗೆ ಸ್ನಾನ ಮಾಡಿಸುದು ಬೇರೆಯವರು.”

ಪದ್ಮಾವತಿ ಸೆರಗು ಬಾಯಿಗಿಟ್ಟು ನಕ್ಕಳು. “ಏನ್ ಮಾತಾಡ್ತೀಯವ್ವಾ ಶ್ರೀಪ್ರಿಯಾ. ಕೇಳಿದವ್ರ ಎದಿ ಒಡೀಬೇಕು.”

ವಾರಿಜಕ್ಕ ನಗಲಿಲ್ಲ. ಮನೆಗೆ ಹೋಗಿ ತಮ್ಮದೇ ಉದ್ದ ತೋಳಿನ ಹತ್ತಿ ಅಂಗಿ ಮತ್ತು ಸಲ್ವಾರ್ ತೊಟ್ಟು ಬಂದರು. ಅಂಗಿಯ ಮೇಲೆ ಜಾಕೆಟ್. ಶ್ರೀಪ್ರಿಯಾ ಒಂದೊಂದೇ ಬಕಲ್ ಟಪ್ಪೆಂದು ಕೂರಿಸಿ, ಪಟ್ಟಿ ಎಳೆದು ಬಿಗಿದಳು. ಆಮೇಲೆ ಭುಜದ ಕಡೆ ಹಿಡಿದು ಮೇಲಕ್ಕೆತ್ತಿದಳು. ಜಾಕೆಟ್ ಗದ್ದಕ್ಕೆ ಬಂದು ತಾಗಿತು.

“ನೋಡಿ, ಇದು ಸಡಿಲ. ನೀರಿನಲ್ಲಿ ಜಾಕೆಟ್ ಮೇಲೆ ಬರ್ತದೆ, ನೀವು ಕೆಳಗೆ ಹೋಗ್ತೀರಿ.” ಮತ್ತೆ ಬಿಗಿದಳು. “ಬಿದ್ದರೆ ಕೈ ಬಡಿಯಬೇಡಿ. ತಲೆ ಹಿಂದಕ್ಕೆ ಹಾಕಿ ಮಲಗಿ. ಜಾಕೆಟ್ಟಿಗೆ ಕಟ್ಟಿದ ಸೀಟಿ ಊದಿ. ಅಷ್ಟೇ.”

ಹೊರಡುವವರೆಗೂ ಪ್ರತಿ ಸಂಜೆ ಅಭ್ಯಾಸ ನಡೆಯಿತು. ಮಧ್ವರಾಜರು ಬೇಡವೆನ್ನುತ್ತಲೇ ಏರ್‌ಪೋರ್ಟಿಗೆ ಬಿಟ್ಟರು.

ವಿಯೆಟ್ನಾಮಿನ ಕೊಲ್ಲಿಯ ಹಸಿರು ನೀರಿನಲ್ಲಿ ಕಲ್ಲಿನ ಗುಡ್ಡಗಳು ಎದ್ದು ನಿಂತಿದ್ದವು. ಹಡಗಿನ ಕ್ಯಾಬಿನ್ನಿನಲ್ಲಿ ವಾರಿಜಕ್ಕ ಮೊದಲು ನೋಡಿದ್ದು ಜಾಕೆಟ್ ಎಲ್ಲಿದೆ, ಹೊರಗೆ ಹೋಗುವ ದಾರಿ ಯಾವುದು ಎಂದು. ಮಧ್ಯಾಹ್ನ ಗುಹೆ ನೋಡಲು ಸಣ್ಣ ದೋಣಿ ಬಂತು. ದೋಣಿಯವನು ಕೊಟ್ಟ ಜಾಕೆಟ್ಟಿನ ಒಂದು ಬಕಲ್ ಕೂರಲೇ ಇಲ್ಲ. ಹತ್ತಿರವೇ ಅಲ್ಲವೇ ಎಂದು ಅವನು ಕೈಸನ್ನೆ ಮಾಡಿದ. ಕೊಳೆತ ಬೀನ್ಸನ್ನು ತರಕಾರಿಯವನ ಬುಟ್ಟಿಗೇ ವಾಪಸು ಹಾಕಿ ಅಭ್ಯಾಸವಿದ್ದ ವಾರಿಜಕ್ಕ, ಜಾಕೆಟನ್ನು ಅವನ ಕೈಗಿಟ್ಟು ಹಡಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೇರೆ ಜಾಕೆಟ್ ಬಂದ ಮೇಲೆಯೇ ದೋಣಿ ಹತ್ತಿದರು.

ಪದ್ಮಾವತಿಯ ಜಾಕೆಟ್ ಅವಳ ತೊಡೆಯ ಮೇಲಿತ್ತು. “ಭಾಳ ಸೆಕಿ ರೀ ಅಕ್ಕಾ. ಫೋಟೋನೂ ಛಲೋ ಬರೂದಿಲ್ಲ.”

“ಹಾಕು,” ಎಂದರು ವಾರಿಜಕ್ಕ. “ಊರಿನವರ ಬೆವರೆಲ್ಲ ನಾನೇ ಮೈಮೇಲೆ ಹಾಕಿ ಕೂತಿದ್ದೇನೆ. ನಿನಗೆಂತದು?” ತಾವೇ ಕೈ ಹಾಕಿ ಬಕಲ್ ಕೂರಿಸಿ, ಪಟ್ಟಿ ಎಳೆದರು.

ಹಿಂದಿರುಗುವಾಗ ಗುಡ್ಡದ ಮೇಲೆ ಕೋತಿಗಳು ಕಂಡವು. ದೋಣಿಯಲ್ಲಿದ್ದ ಬೇರೆ ಪ್ರವಾಸಿಗರೆಲ್ಲ ಫೋಟೋಕ್ಕೆಂದು ಒಂದೇ ಬದಿಗೆ ಎದ್ದು ನಿಂತರು. “ಕೂತ್ಕೊಳ್ಳಿ,” ಎಂದು ಶ್ರೀಪ್ರಿಯಾ ಕೂಗುವಷ್ಟರಲ್ಲಿ, ಪಕ್ಕದಲ್ಲಿ ಹಾದುಹೋದ ದೊಡ್ಡ ಹಡಗಿನ ಅಲೆ ಬಂದು ಬಡಿಯಿತು. ದೋಣಿ ವಾಲಿತು. ಆ ಬದಿಯ ಅಂಚಿನಲ್ಲಿ ಕೂತಿದ್ದ ವಾರಿಜಕ್ಕ ಮತ್ತು ಪದ್ಮಾವತಿ ನೀರಿಗೆ ಬಿದ್ದರು.

ಕಿವಿಯಲ್ಲಿ ನೀರು, ಮೂಗಿನಲ್ಲಿ ಉಪ್ಪು. ಕಾಲಿಗೆ ನೆಲ ಸಿಗಲಿಲ್ಲ. ಸತ್ತೆ ಎಂದುಕೊಂಡರು ವಾರಿಜಕ್ಕ. ಮರುಕ್ಷಣ ಯಾರೋ ಕಂಕುಳಿಗೆ ಕೈಹಾಕಿ ಎತ್ತಿದಂತಾಯಿತು. ಎತ್ತಿದ್ದು ಜಾಕೆಟ್. ಮುಖ ಗಾಳಿಗೆ ಬಂತು. ತಲೆ ಹಿಂದಕ್ಕೆ ಹಾಕಿ ಮಲಗಿದರು. ಮೇಲೆ ಆಕಾಶವಿತ್ತು. ಸ್ವಲ್ಪ ದೂರದಲ್ಲಿ ಪದ್ಮಾವತಿ ಎರಡೂ ಕೈ ಬಡಿಯುತ್ತಿದ್ದಳು.

“ಬಡೀಬೇಡ ಪದ್ಮಾ. ಮಲಗು. ಹಾಸಿಗೆಯಲ್ಲಿ ಮಲಗಿದ ಹಾಗೆ ಮಲಗು.”

“ಹಾಸಿಗಿ ಹಸಿ ಐತ್ರೀ ಅಕ್ಕಾ,” ಎಂದು ಅಳುತ್ತಲೇ ಪದ್ಮಾವತಿ ಹೇಳಿದಳು. ಆದರೆ ಮಲಗಿದಳು.

ವಾರಿಜಕ್ಕ ಸೀಟಿ ಊದಿದರು. ಕೊಲ್ಲಿಯಲ್ಲಿದ್ದ ದೋಣಿಗಳೆಲ್ಲ ತಿರುಗಿ ನೋಡುವಂತೆ ಊದಿದರು. ದೋಣಿಯವನು ಹತ್ತಿರ ಬಂದು ಹಗ್ಗ ಎಸೆದು ಇಬ್ಬರನ್ನೂ ಎಳೆದುಕೊಂಡ. ದೋಣಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಹಡಗಿನವರು ಅವರನ್ನು ದಡಕ್ಕೆ ಬಿಡುತ್ತೇವೆಂದರು. ವಾರಿಜಕ್ಕ ತಲೆ ಅಲ್ಲಾಡಿಸಿದರು. ಬಿಸಿನೀರ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ಡೆಕ್ಕಿನ ಕುರ್ಚಿಯಲ್ಲಿ ಕೂದಲು ಬಿಚ್ಚಿ ಕೂತು ಗಂಡನಿಗೆ ವಿಡಿಯೋ ಕಾಲ್ ಮಾಡಿ ಎಲ್ಲವನ್ನೂ ಹೇಳಿದರು.

“ಹೆದರಿದಿಯಾ?” ಎಂದರು ಮಧ್ವರಾಜರು.

“ಹೆದರಿದೆ. ಆದರೆ ತೇಲಿದೆ.”

“ನಾಳೆ ಬೆಳಿಗ್ಗೆ ದಡಕ್ಕೆ ಹೋಗ್ತೀಯಲ್ಲ?”

“ಬೆಳಿಗ್ಗೆ ಇನ್ನೊಂದು ಗುಡ್ಡ ನೋಡ್ಲಿಕ್ಕುಂಟು. ದೋಣಿಯಲ್ಲೇ.”

ಆ ರಾತ್ರಿ ಅವರಿಗೆ ಹಡಗಿನಲ್ಲಿ ಚೆನ್ನಾಗಿ ನಿದ್ದೆ ಬಂತು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಗಂಡಹೆಂಡತಿ ದೋಣಿಯಲ್ಲೇ ಹೋಗಬೇಕಾದ ಘಾರಾಪುರಿ ದ್ವೀಪದ ಗುಹೆ ನೋಡಲು ಹೊರಟರು. ಇಷ್ಟು ವರ್ಷ ದೋಣಿ ಎಂದರೆ ದೂರ ನಿಲ್ಲುತ್ತಿದ್ದ ಮಧ್ವರಾಜರು, ಹತ್ತುವ ಮೊದಲೇ ತಮಗೊಂದು ಜಾಕೆಟ್ ಕೇಳಿ ತೆಗೆದುಕೊಂಡರು. ಬಿಗಿದುಕೊಂಡು, ಹೆಂಡತಿಯ ಮುಂದೆ ನಿಂತು, “ಎತ್ತಿ ನೋಡು, ಸಡಿಲ ಉಂಟಾ?” ಎಂದರು. ಪಕ್ಕದಲ್ಲಿ ನಿಂತಿದ್ದ ಹುಡುಗರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಾವೂ ಜಾಕೆಟ್ ಕೇಳಿದರು. ದೋಣಿ ಹೊರಟಿತು. ಮಧ್ವರಾಜರು ಕಿಟಕಿ ಬದಿಯ ಜಾಗ ಹಿಡಿದು, ಉಪ್ಪುಗಾಳಿಗೆ ಮುಖವೊಡ್ಡಿ ಕೂತರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮುಂದಿನ ಪ್ರಯಾಣ ವಿಯೆಟ್ನಾಮಿಗಿರಲಿ, ಇಲ್ಲೇ ಹಿನ್ನೀರಿನ ಖಾಡಿ ದಾಟುವುದಿರಲಿ, ಜಾಕೆಟನ್ನು ತೊಡೆಯ ಮೇಲಿಡಬೇಡಿ, ಮೈಮೇಲೆ ಹಾಕಿ. ಬಕಲ್ ಮುರಿದಿದ್ದರೆ ನಾಚದೆ ಬೇರೆಯದನ್ನು ಕೇಳಿ. ಕೊಡದಿದ್ದರೆ ಆ ದೋಣಿ ಹತ್ತಬೇಡಿ. ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ಏಳಬೇಡಿ. ಮಕ್ಕಳಿಗೆ ಮಕ್ಕಳ ಅಳತೆಯದನ್ನೇ ತೊಡಿಸಿ. ಈಜು ಬಾರದೆಂದು ದಡದಲ್ಲಿ ಕೂರುವ ಕಾಲ ಮುಗಿಯಿತು. ನೀರು ನೋಡಲು ಹೋಗಿ, ನೋಡಿ ಮನೆಗೆ ಬನ್ನಿ.